ಅಡ್ರಿನಲ್ ಗಡ್ಡೆ: ಕತ್ತಿಗೆ ಹೆದರಿ ವರ್ಷ ಕಳೆಯಬೇಡಿ

ನಿಮ್ಮ ಮನೆಯಲ್ಲಿ ನಲವತ್ತು ದಾಟದ ಯಾರಾದರೂ ಬಿ.ಪಿ.ಗೆ ಮೂರು ಬಗೆಯ ಮಾತ್ರೆ ನುಂಗುತ್ತಿದ್ದಾರೆಯೇ? ಮಾತ್ರೆ ತಪ್ಪದೆ ತೆಗೆದುಕೊಂಡರೂ ಬಿ.ಪಿ. ಇಳಿಯುತ್ತಿಲ್ಲವೇ? ಅಥವಾ ಯಾರಿಗಾದರೂ ಇದ್ದಕ್ಕಿದ್ದಂತೆ ತಲೆ ಸಿಡಿಯುವಂತಾಗಿ, ಮೈಯೆಲ್ಲ ಬೆವತು, ಎದೆ ಡವಡವ ಹೊಡೆದುಕೊಂಡು, ಮುಖ ಬಿಳಿಚಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಾನಾಗಿ ಇಳಿದುಹೋಗುತ್ತದೆಯೇ? ಹಾಗಿದ್ದರೆ ಈ ಬರಹವನ್ನು ಕೊನೆಯವರೆಗೆ ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ. ಏಕೆಂದರೆ ನಮ್ಮ ಮನೆಗಳಲ್ಲಿ ಆಪರೇಷನ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ರೋಗಿಯಲ್ಲ, ಹಿರಿಯರು.

ನಾನು ಯುನಾನಿ ವೈದ್ಯ. ಬಿ.ಯು.ಎಂ.ಎಸ್. ಓದಿ, ನಾಡಿ ಹಿಡಿದು, ಮಿಜಾಜ್ ನೋಡಿ ಔಷಧಿ ಕೊಡುವವನು. ಅಂಥವನು ಶಸ್ತ್ರಚಿಕಿತ್ಸೆಯ ಪರವಾಗಿ ಏಕೆ ಬರೆಯುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಕತ್ತಿಗೆ ಹೆದರಿದವರು ಮೊದಲು ಬರುವುದು ನಮ್ಮಂಥವರ ಬಳಿಗೆ, ಅದಕ್ಕೇ ಬರೆಯುತ್ತಿದ್ದೇನೆ. ಕೈಯಲ್ಲಿ ಸಿ.ಟಿ. ಸ್ಕ್ಯಾನಿನ ದೊಡ್ಡ ಲಕೋಟೆ, ಬಾಯಲ್ಲಿ ಒಂದೇ ಪ್ರಶ್ನೆ: "ಡಾಕ್ಟ್ರೇ, ಆಪರೇಷನ್ ಇಲ್ಲದೆ ಇದನ್ನು ಕರಗಿಸಲು ನಿಮ್ಮಲ್ಲಿ ಏನಾದರೂ ಇದೆಯಾ?" ಅಡ್ರಿನಲ್ ಗ್ರಂಥಿಯಲ್ಲಿ ಹಾರ್ಮೋನ್ ಉಕ್ಕಿಸುವ ಗಡ್ಡೆ ಇದ್ದರೆ ನನ್ನ ಉತ್ತರವೂ ಒಂದೇ. ಇಲ್ಲ. ನನ್ನಲ್ಲಿ ಇಲ್ಲ, ನನಗೆ ಕಲಿಸಿದ ಉಸ್ತಾದರಲ್ಲಿ ಇರಲಿಲ್ಲ, "ನನ್ನಲ್ಲಿದೆ" ಎನ್ನುವವನಲ್ಲೂ ಇಲ್ಲ.

ಅಡ್ರಿನಲ್ ಎಂಬುದು ಎರಡು ಪುಟ್ಟ ಗ್ರಂಥಿಗಳು. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂತಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಇಬ್ನ್ ಸೀನಾ ಅವರ ಕಾಲದಲ್ಲಿ ಇದರ ಪರಿಚಯ ಯಾರಿಗೂ ಇರಲಿಲ್ಲ. 16ನೇ ಶತಮಾನದಲ್ಲಿ ಇಟಲಿಯ ಯುಸ್ಟಾಕಿ ಇದನ್ನು ಮೊದಲು ವರ್ಣಿಸಿದರು. 1855ರಲ್ಲಿ ಲಂಡನಿನ ಥಾಮಸ್ ಅಡಿಸನ್, ಈ ಗ್ರಂಥಿ ಕೆಟ್ಟರೆ ಮನುಷ್ಯ ಸೊರಗಿ ಸೊರಗಿ ಸಾಯುತ್ತಾನೆ ಎಂದು ತೋರಿಸಿಕೊಟ್ಟ ಮೇಲೆಯೇ ಇದರ ಬೆಲೆ ಜಗತ್ತಿಗೆ ತಿಳಿದದ್ದು. ಆದ್ದರಿಂದ ಹಳೆಯ ಗ್ರಂಥದಲ್ಲಿ ಅಡ್ರಿನಲ್ ಗಡ್ಡೆಗೆ ನುಸ್ಖಾ ಇದೆ ಎಂದು ಯಾರಾದರೂ ಹೇಳಿದರೆ, ಅವರು ಆ ಗ್ರಂಥವನ್ನು ತೆರೆದು ನೋಡಿಲ್ಲ ಎಂದೇ ತಿಳಿಯಿರಿ.

ಈ ಗ್ರಂಥಿಯ ಹೊರಪದರ ಆಲ್ಡೋಸ್ಟಿರೋನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಒಳಗಿನ ತಿರುಳು ಅಡ್ರಿನಲಿನ್ ತಯಾರಿಸುತ್ತದೆ. ಉಪ್ಪು ನೀರಿನ ಸಮತೋಲ, ರಕ್ತದ ಒತ್ತಡ, ಕಾಯಿಲೆ ಬಿದ್ದಾಗ ದೇಹ ತಡೆದುಕೊಳ್ಳುವ ಶಕ್ತಿ, ಹೆದರಿದಾಗ ಓಡುವ ಬಲ ಎಲ್ಲವೂ ಇವುಗಳಿಂದ. ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಅದು ಸಾಮಾನ್ಯವಾಗಿ ನೋಯುವುದಿಲ್ಲ, ಕೈಗೆ ಸಿಗುವುದಿಲ್ಲ. ಎಷ್ಟೋ ಗಡ್ಡೆಗಳು ಏನೂ ಮಾಡದೆ ಸುಮ್ಮನೆ ಇರುತ್ತವೆ. ಆದರೆ ಕೆಲವು, ಯಾರ ಅಪ್ಪಣೆಗೂ ಕಾಯದೆ, ಹಗಲು ರಾತ್ರಿ ಹಾರ್ಮೋನ್ ಸುರಿಯುತ್ತವೆ. ನಮಗೆ ಬೇಕಾದ ಮಾತು ಇವುಗಳದು.

ಬಿ.ಪಿ. ಎಂದುಕೊಂಡದ್ದು ಬರೀ ಬಿ.ಪಿ. ಅಲ್ಲದಿರಬಹುದು

ಮೊದಲನೆಯದು ಆಲ್ಡೋಸ್ಟಿರೋನ್ ಸುರಿಸುವ ಗಡ್ಡೆ. ಅಮೆರಿಕದ ಜೆರೋಮ್ ಕಾನ್ ಎಂಬ ವೈದ್ಯರು 1955ರಲ್ಲಿ ಇದನ್ನು ವಿವರಿಸಿದರು; ಅವರ ಹೆಸರಿನಿಂದಲೇ ಕಾಯಿಲೆಯನ್ನು ಕರೆಯುತ್ತಾರೆ. ಈ ಹಾರ್ಮೋನ್ ಉಪ್ಪನ್ನು ದೇಹದೊಳಗೆ ಹಿಡಿದಿಡುತ್ತದೆ, ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಬಿ.ಪಿ. ಏರುತ್ತದೆ. ಕೆಲವರಿಗೆ ಕಾಲು ಸೋಲುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ. ಅನೇಕರಿಗೆ ಬಿ.ಪಿ. ಬಿಟ್ಟರೆ ಬೇರೇನೂ ಇರುವುದಿಲ್ಲ. ಇದು ಅಪರೂಪದ ಕಾಯಿಲೆಯಲ್ಲ. ಆಲ್ಡೋಸ್ಟಿರೋನ್ ಹೆಚ್ಚಾಗಿ ಬಿ.ಪಿ. ಬಂದವರು ನೂರು ಬಿ.ಪಿ. ರೋಗಿಗಳಲ್ಲಿ ಐದರಿಂದ ಹತ್ತು ಮಂದಿ ಇರುತ್ತಾರೆ. ಮೂರು ಮಾತ್ರೆಗೂ ಬಗ್ಗದ ಬಿ.ಪಿ. ಇರುವವರಲ್ಲಿ ಇನ್ನೂ ಹೆಚ್ಚು. ಇವರೆಲ್ಲರಿಗೂ ಗಡ್ಡೆಯೇ ಕಾರಣ ಎಂದಲ್ಲ. ಕೆಲವರಲ್ಲಿ ಎರಡೂ ಗ್ರಂಥಿಗಳು ಹಿಗ್ಗಿರುತ್ತವೆ, ಅವರಿಗೆ ಮಾತ್ರೆಯೇ ಮದ್ದು. ಒಂದು ಕಡೆಯಲ್ಲಿ ಮಾತ್ರ ದೋಷವಿದ್ದರೆ ಅದು ಶಸ್ತ್ರಚಿಕಿತ್ಸೆಗೆ ಒಗ್ಗುವ ಕಾಯಿಲೆ.

ಇದಕ್ಕೆ ಆಲ್ಡೋಸ್ಟಿರೋನ್ ಮತ್ತು ರೆನಿನ್ ಎಂಬ ಎರಡನ್ನು ಅಳೆಯುವ ಒಂದು ರಕ್ತಪರೀಕ್ಷೆ ಇದೆ. ವರ್ಷಗಟ್ಟಲೆ ಮಾತ್ರೆ ಬದಲಾಯಿಸುತ್ತಾ ಬಂದವರಲ್ಲಿ ಈ ಪರೀಕ್ಷೆ ಮಾಡಿಸಿದವರು ತೀರಾ ಕಡಿಮೆ. ನೀವೇ ಕೇಳಿ. "ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಬಿ.ಪಿ. ಏಕೆ, ಅಡ್ರಿನಲ್ ಒಮ್ಮೆ ನೋಡಬೇಕಾ ಸಾರ್?" ಎಂದು ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಇಲ್ಲಿ ನಮ್ಮ ಔಷಧಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಾವು ಕೆಮ್ಮಿಗೆ, ಗಂಟಲಿಗೆ ಕೊಡುವ ಜೋಶಾಂದದಲ್ಲಿ ಅಸ್ಲುಸ್ಸೂಸ್ ಇರುತ್ತದೆ. ಮನೆಯಲ್ಲಿ ಇದನ್ನು ಮುಲೇಠಿ, ಜ್ಯೇಷ್ಠಮಧು, ಅತಿಮಧುರ ಎನ್ನುತ್ತೀರಿ. ಒಳ್ಳೆಯ ಔಷಧಿ. ಆದರೆ ವಾರಗಟ್ಟಲೆ, ಹೆಚ್ಚು ಪ್ರಮಾಣದಲ್ಲಿ ತಿಂದರೆ ಅದೇ ಆಲ್ಡೋಸ್ಟಿರೋನ್ ಹೆಚ್ಚಾದವರಂತೆ ಬಿ.ಪಿ. ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಪರೀಕ್ಷೆಯ ಫಲಿತಾಂಶವನ್ನೂ ಕೆಡಿಸುತ್ತದೆ. ಬಿ.ಪಿ. ಇರುವವರು ಇದನ್ನು ದಿನಾ ಚಹಾದಲ್ಲಿ ಹಾಕಿಕೊಂಡು ಕುಡಿಯುವುದು ಬೇಡ. ರಕ್ತಪರೀಕ್ಷೆಗೆ ಹೋಗುವಾಗ "ನಾನು ಯುನಾನಿ ತಿನ್ನುತ್ತಿದ್ದೇನೆ" ಎನ್ನುವುದನ್ನು ಮುಚ್ಚಿಡಬೇಡಿ. ಡಾಕ್ಟರು ಬೈದರೂ ಪರವಾಗಿಲ್ಲ, ಹೇಳಿ.

ಕಾರ್ಟಿಸಾಲ್ ಸುರಿಸುವ ಗಡ್ಡೆ ಎರಡನೆಯದು. ಮುಖ ಚಂದ್ರನಂತೆ ದುಂಡಗಾಗುತ್ತದೆ, ಹೊಟ್ಟೆ ಬೆಳೆದು ಕೈಕಾಲು ತೆಳ್ಳಗಾಗುತ್ತದೆ, ಹೊಟ್ಟೆಯ ಮೇಲೆ ಅಗಲವಾದ ಕೆಂಪು ನೇರಳೆ ಗೆರೆಗಳು ಮೂಡುತ್ತವೆ, ಸಕ್ಕರೆ ಕಾಯಿಲೆ ಬರುತ್ತದೆ, ಹೆಂಗಸರಿಗೆ ಮುಟ್ಟು ತಪ್ಪುತ್ತದೆ. ಇದೇ ಲಕ್ಷಣಗಳು ಗಡ್ಡೆಯೇ ಇಲ್ಲದೆಯೂ ಬರುತ್ತವೆ ಎನ್ನುವುದನ್ನು ಹೇಳದೆ ಮುಂದೆ ಹೋಗಲಾರೆ. ಮಂಡಿ ನೋವಿಗೆ, ದಮ್ಮಿಗೆ "ಗಿಡಮೂಲಿಕೆ ಪುಡಿ" ಎಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವವರು ಅದರೊಳಗೆ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸುವುದುಂಟು. ಎರಡೇ ದಿನದಲ್ಲಿ ನೋವು ಮಾಯ! ಹಕೀಮರ ಕೈಗುಣ ಎಂದು ಜನ ಹೊಗಳುತ್ತಾರೆ. ಒಳಗೆ ಅಡ್ರಿನಲ್ ಗ್ರಂಥಿ ಕೆಲಸವಿಲ್ಲದೆ ಸೊರಗುತ್ತದೆ. ಆಮೇಲೆ ಪುಡಿಯನ್ನು ಒಮ್ಮೆಗೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಲೇಬಲ್ ಇಲ್ಲದ, ತಯಾರಿಸಿದವರ ಹೆಸರಿಲ್ಲದ ಪುಡಿಯನ್ನು ಯುನಾನಿಯ ಹೆಸರಿನಲ್ಲಿ ಮಾರುವುದು ನಮ್ಮ ವಿದ್ಯೆಗೇ ಮಾಡುವ ದ್ರೋಹ.

ಜಿನ್ನ್ ಅಲ್ಲ, ಅಡ್ರಿನಲಿನ್

ಮೂರನೆಯ ಗಡ್ಡೆಯ ಬಗ್ಗೆ ವಿವರವಾಗಿ ಹೇಳಬೇಕು. ಹೆಚ್ಚು ಅಪಾಯವಿರುವುದು ಇದರಲ್ಲೇ, ನಮ್ಮ ಮನೆಗಳಲ್ಲಿ ಹೆಚ್ಚು ತಪ್ಪು ತಿಳಿಯುವುದೂ ಇದನ್ನೇ. ಹೆಸರು ಫಿಯೋಕ್ರೊಮೊಸೈಟೋಮ. ಬಾಯಿಗೆ ಬರದಿದ್ದರೆ ಬಿಡಿ, ಅಡ್ರಿನಲಿನ್ ಗಡ್ಡೆ ಎನ್ನೋಣ. ಇದು ಅಪರೂಪ. ಒಮ್ಮೊಮ್ಮೆ ತಲೆನೋವು, ಬೆವರು, ಎದೆ ಹೊಡೆತ ಮೂರೂ ಒಟ್ಟಿಗೆ ಬರುತ್ತವೆ. ಆ ಹೊತ್ತಿನಲ್ಲಿ ಅಳೆದರೆ ಬಿ.ಪಿ. ಇನ್ನೂರು ದಾಟಿರಬಹುದು. ದಾಳಿ ಇಳಿದ ಮೇಲೆ ಕೆಲವರಲ್ಲಿ ಎಲ್ಲವೂ ಸರಿ ಇರುತ್ತದೆ. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಇ.ಸಿ.ಜಿ. ಚೆನ್ನಾಗಿಯೇ ಬರುತ್ತದೆ. "ಟೆನ್ಷನ್ ಅಷ್ಟೇ" ಎಂದು ಮನೆಗೆ ಕಳಿಸುತ್ತಾರೆ.

ಮನೆಯಲ್ಲಿ ಅದಕ್ಕೆ ಬೇರೆ ಹೆಸರು ಸಿಗುತ್ತದೆ. ಎಳೆಯ ಪ್ರಾಯದ ಸೊಸೆಗೆ ಹೀಗಾದರೆ ಸೋಂಕು, ಜಿನ್ನ್ ಬಾಧೆ, ಯಾರೋ ಮಾಡಿಸಿದ್ದು. ಮುಖ ಬಿಳಿಚುವುದು, ಮೈ ನಡುಗುವುದು, "ನಾನು ಸಾಯುತ್ತೇನೆ" ಎಂದು ಕೂಗುವುದು, ಎಲ್ಲವೂ ಆ ಮಾತಿಗೆ ಸಾಕ್ಷಿಯಂತೆ ಕಾಣುತ್ತದೆ. ತಾಯಿತ ಬರುತ್ತದೆ, ಓದಿ ಊದಿದ ನೀರು ಬರುತ್ತದೆ, ಒಂದು ಊರಿನಿಂದ ಇನ್ನೊಂದು ಊರಿಗೆ ಕರೆದುಕೊಂಡು ಹೋಗುತ್ತಾರೆ. ದುಆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಕುರ್‌ಆನ್ ಪಠಣದಿಂದ ಮನಸ್ಸಿಗೆ ಸಿಗುವ ನೆಮ್ಮದಿಯನ್ನು ನಾನು ಬಲ್ಲೆ. ಆದರೆ ದಾಳಿ ಬಂದಾಗ ಒಂದು ಕೈಯಲ್ಲಿ ತಸ್ಬೀಹ್ ಇದ್ದರೆ ಇನ್ನೊಂದು ಕೈಯಲ್ಲಿ ಬಿ.ಪಿ. ಯಂತ್ರವೂ ಇರಲಿ. ಅಳೆದು, ದಿನ ಮತ್ತು ಗಂಟೆಯೊಂದಿಗೆ ಬರೆದಿಡಿ. ಆ ಚೀಟಿ ಡಾಕ್ಟರಿಗೆ ಹತ್ತು ಮಾತಿಗಿಂತ ಹೆಚ್ಚು ಹೇಳುತ್ತದೆ.

ನಮ್ಮ ಕಡೆಯವರೂ ಇಲ್ಲಿ ಎಡವುತ್ತಾರೆ. ಎದೆ ಡವಡವ ಎನ್ನುವುದನ್ನು ನಾವು ಖಫ್ಕಾನ್ ಎನ್ನುತ್ತೇವೆ. ಖಫ್ಕಾನ್ ಎಂದೊಡನೆ ಕೈ ಖಮೀರ ಗಾವ್‌ಜಬಾನ್ ಡಬ್ಬದ ಕಡೆಗೆ ಹೋಗುತ್ತದೆ. ಹೃದಯಕ್ಕೆ ತಂಪು ಕೊಡುವ ಆ ಔಷಧಿಯ ಬಗ್ಗೆ ನನಗೆ ಗೌರವವಿದೆ. ಸರ್ಪಗಂಧಿಯಿಂದ ಮಾಡಿದ ಅಸ್ರೋಲ್ ಅಂತೂ ಬಿ.ಪಿ. ಇಳಿಸುವ ನಿಜವಾದ ಔಷಧಿ. ದೆಹಲಿಯ ಹಕೀಮ್ ಅಜ್ಮಲ್ ಖಾನ್ ಅವರ ಪ್ರೋತ್ಸಾಹದಿಂದ ಅದರ ಮೇಲೆ ಕೆಲಸ ಮಾಡಿದ ಸಲೀಮುಜ್ಜಮಾನ್ ಸಿದ್ದೀಕಿ, 1931ರಲ್ಲಿ ಅದರ ಸಾರವೊಂದನ್ನು ಬೇರ್ಪಡಿಸಿ ಹಕೀಮರ ಹೆಸರನ್ನೇ ಇಟ್ಟು ಅಜ್ಮಲೀನ್ ಎಂದು ಕರೆದರು. ಇದು ನಮ್ಮ ಹೆಮ್ಮೆ. ಆದರೂ ಯಂತ್ರದಲ್ಲಿ ಕಾಣುವ ಅಂಕಿಯನ್ನು ಇಳಿಸುವುದು ಬೇರೆ, ಒಳಗೆ ಅಡ್ರಿನಲಿನ್ ಉಕ್ಕಿಸುತ್ತಿರುವ ಗಡ್ಡೆಯನ್ನು ನಿಲ್ಲಿಸುವುದು ಬೇರೆ. ಖಮೀರ ತಿನ್ನುತ್ತಾ ಕೂತ ರೋಗಿಗೆ ಒಂದು ದಿನ ಮೆದುಳಿನಲ್ಲಿ ರಕ್ತಸ್ರಾವವಾದರೆ, ಹೃದಯ ನಿಂತರೆ ಯಾರು ಹೊಣೆ? ವೈದ್ಯಕೀಯ ತಿಳಿಯದೆ ಚಿಕಿತ್ಸೆ ಮಾಡಿದವನು ಆಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ಯವರು ಹೇಳಿದ್ದು ಹದೀಸಿನಲ್ಲಿದೆ. ನನ್ನ ವೃತ್ತಿಯವರೆಲ್ಲರೂ ಇದನ್ನು ಕ್ಲಿನಿಕ್ಕಿನ ಗೋಡೆಯ ಮೇಲೆ ಬರೆಸಿಡಬೇಕೆಂದು ನನಗೆ ಅನ್ನಿಸುತ್ತದೆ.

ಹಿಜಾಮಾ ಕೇಂದ್ರಗಳಿಗೂ ಇದೇ ಮಾತು. ಊರೂರಿಗೆ ತೆರೆದುಕೊಂಡಿವೆ, ಸಂತೋಷ. ಕಪ್ ಇಡುವ ಮೊದಲು ಬಿ.ಪಿ. ನೋಡದ ಕೇಂದ್ರಕ್ಕೆ ಹೋಗಬೇಡಿ. ಅಡ್ರಿನಲಿನ್ ಗಡ್ಡೆ ಇರುವವರಿಗೆ ಹೊಟ್ಟೆಯ ಭಾಗವನ್ನು ಜೋರಾಗಿ ಒತ್ತಿ ತಿಕ್ಕಿದರೂ ದಾಳಿ ಬರಬಹುದು.

ಈ ಗಡ್ಡೆಯನ್ನು ಹಿಡಿಯಲು ಮೆಟಾನೆಫ್ರಿನ್ ಎಂಬ ಪರೀಕ್ಷೆ ಇದೆ. ರಕ್ತದಲ್ಲಿ ಮಾಡಬಹುದು, ಇಲ್ಲವೇ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಸಂಗ್ರಹಿಸಿ ಮಾಡಬಹುದು. ಇದರ ಫಲಿತಾಂಶ ಬರುವ ಮೊದಲು ಅಡ್ರಿನಲ್ ಗಡ್ಡೆಗೆ ಸೂಜಿ ಚುಚ್ಚಿ ತುಣುಕು ತೆಗೆಯಲು ಯಾರಾದರೂ ಹೊರಟರೆ, ನಿಲ್ಲಿಸಿ ಕೇಳಿ. ಆ ಒಂದು ಸೂಜಿಯಿಂದ ಬಿ.ಪಿ. ಆಕಾಶಕ್ಕೇರಬಹುದು. ಬಸುರಿಯಲ್ಲಿ, ಅದೂ ಮೊದಲ ತಿಂಗಳುಗಳಲ್ಲೇ, ಇಂಥ ದಾಳಿಗಳಿದ್ದರೆ ತಡ ಮಾಡಲೇಬೇಡಿ. ಪತ್ತೆಯಾಗದೆ ಹೆರಿಗೆಯವರೆಗೆ ಹೋದರೆ ತಾಯಿ ಮಗು ಇಬ್ಬರಿಗೂ ಕಂಟಕ.

ಆಪರೇಷನ್ ಎಂದರೆ ಈಗ ಏನು?

ಹಿರಿಯರ ಹೆದರಿಕೆಗೆ ಕಾರಣವಿದೆ. ಅಡ್ರಿನಲ್ ದೇಹದಲ್ಲಿ ತೀರಾ ಒಳಗೆ, ಪಕ್ಕೆಲುಬುಗಳ ಮರೆಯಲ್ಲಿದೆ. ನಾಲ್ಕೈದು ಗ್ರಾಮಿನ ಗ್ರಂಥಿಯನ್ನು ತಲುಪಲು ಹಿಂದೆ ಹೊಟ್ಟೆಯನ್ನೋ ಪಕ್ಕೆಯನ್ನೋ ಒಂದು ಗೇಣಿನಷ್ಟು ಕೊಯ್ಯಬೇಕಿತ್ತು. ಕೆಲವೊಮ್ಮೆ ಪಕ್ಕೆಲುಬಿನ ತುಂಡನ್ನೂ ತೆಗೆಯಬೇಕಿತ್ತು. 1926ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಸರ್ ರೂ ಮತ್ತು ಅಮೆರಿಕದ ಚಾರ್ಲ್ಸ್ ಮೇಯೊ ಅಡ್ರಿನಲಿನ್ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದರು. ಅಲ್ಲಿಂದ ಆರು ದಶಕಕ್ಕೂ ಹೆಚ್ಚು ಕಾಲ ದಾರಿ ಅದೇ, ದೊಡ್ಡ ಕೊಯ್ತ. ನೋವು, ವಾರಗಟ್ಟಲೆ ಹಾಸಿಗೆ, ಗಾಯ ಕೀವಾಗುವ ಭಯ. ನಿಮ್ಮ ಅಜ್ಜ ಕಂಡದ್ದು ಆ ಕಾಲದ ಆಪರೇಷನ್.

1992ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಷೆಲ್ ಗಾನ್ಯೆ ಎಂಬ ಸರ್ಜನ್, ಹೊಟ್ಟೆ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಅಡ್ರಿನಲ್ ತೆಗೆದದ್ದನ್ನು ವರದಿ ಮಾಡಿದರು. ಅಲ್ಲಿಂದ ಈ ಶಸ್ತ್ರಚಿಕಿತ್ಸೆಯ ಚಿತ್ರವೇ ಬದಲಾಯಿತು. ಇವತ್ತು ಚಿಕ್ಕ, ಕ್ಯಾನ್ಸರಲ್ಲದ ಅಡ್ರಿನಲ್ ಗಡ್ಡೆಗೆ ಜಗತ್ತಿನಾದ್ಯಂತ ಇದೇ ಮೊದಲ ಆಯ್ಕೆ.

ನಡೆಯುವುದು ಹೀಗೆ. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು ಪಕ್ಕಕ್ಕೆ ಮಲಗಿಸುತ್ತಾರೆ. ಪಕ್ಕೆಲುಬಿನ ಕೆಳಗೆ ಮೂರು ಅಥವಾ ನಾಲ್ಕು ರಂಧ್ರ, ಒಂದೊಂದೂ ಅರ್ಧದಿಂದ ಒಂದೂಕಾಲು ಸೆಂಟಿಮೀಟರ್. ಒಳಗೆ ಜಾಗವಾಗಲು ಕಾರ್ಬನ್ ಡೈ ಆಕ್ಸೈಡ್ ಅನಿಲ ತುಂಬುತ್ತಾರೆ. ಒಂದು ರಂಧ್ರದಲ್ಲಿ ಕ್ಯಾಮರಾ, ಉಳಿದವುಗಳಲ್ಲಿ ಉದ್ದ ಕಡ್ಡಿಯಂಥ ಉಪಕರಣಗಳು. ಸರ್ಜನ್ ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಬಲಗಡೆಯಾದರೆ ಲಿವರ್ ಅನ್ನು ಮೆಲ್ಲನೆ ಎತ್ತಿ ಹಿಡಿಯಬೇಕು. ಅಲ್ಲಿ ಗ್ರಂಥಿಯ ರಕ್ತನಾಳ ತೀರಾ ಗಿಡ್ಡ, ನೇರವಾಗಿ ದೇಹದ ಅತಿ ದೊಡ್ಡ ಅಭಿಧಮನಿಗೆ ಸೇರುತ್ತದೆ. ಕೈ ಪಳಗಿದವರೇ ಬೇಕು. ಆ ನಾಳಕ್ಕೆ ಕ್ಲಿಪ್ ಹಾಕಿ ಕತ್ತರಿಸಿ, ಗ್ರಂಥಿಯನ್ನು ಒಂದು ಪುಟ್ಟ ಚೀಲದೊಳಗೆ ಇಟ್ಟು, ಒಡೆಯದಂತೆ ಹೊರಗೆಳೆಯುತ್ತಾರೆ. ಜರ್ಮನಿಯ ಎಸ್ಸೆನ್‌ನ ಮಾರ್ಟಿನ್ ವಾಲ್ಜ್ ಅವರು 1990ರ ದಶಕದಿಂದ ಬೆಳೆಸಿದ ಇನ್ನೊಂದು ದಾರಿಯಿದೆ. ರೋಗಿಯನ್ನು ಬೋರಲು ಮಲಗಿಸಿ ಬೆನ್ನಿನ ಕಡೆಯಿಂದ ಹೋಗುವುದು. ಹೊಟ್ಟೆಯ ಒಳಗೆ ಕೈ ಹಾಕುವ ಪ್ರಸಂಗವೇ ಇಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಆಗಿರುವವರಿಗೆ, ಎರಡು ಮೂರು ಸಿಸೇರಿಯನ್ ಆದ ತಾಯಂದಿರಿಗೆ, ಇದು ಅನುಕೂಲ.

ತೊಡಕಿಲ್ಲದಿದ್ದರೆ ಮರುದಿನ ಎದ್ದು ನಡೆಯಬಹುದು. ಎರಡು ಮೂರು ದಿನಕ್ಕೆ ಮನೆಗೆ. ರುಕೂ, ಸುಜೂದ್ ಕಷ್ಟವಾದರೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿ. ತುಂಬಿದ ಕೊಡ ಎತ್ತುವುದನ್ನು ಕೆಲವು ವಾರ ಬೇರೆಯವರಿಗೆ ಬಿಡಿ. ಸೊಸೆಯಾದರೆ ಇದನ್ನು ಅತ್ತೆಯ ಎದುರಿಗೇ ಡಾಕ್ಟರ್ ಬಾಯಿಂದ ಹೇಳಿಸಿಕೊಳ್ಳುವುದು ಒಳ್ಳೆಯದು.

ಹೆಂಗಸರ ವಿಷಯದಲ್ಲಿ ಪರದೆಯ ಪ್ರಶ್ನೆ ಬರುತ್ತದೆ. ಸ್ತ್ರೀ ಸರ್ಜನ್ ಇದ್ದರೆ ಕೇಳಿ, ಅರಿವಳಿಕೆಯ ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಇರಲಿ ಎಂದು ಮೊದಲೇ ಹೇಳಿ. ಇದಕ್ಕೆ ಹೆಚ್ಚಿನ ಆಸ್ಪತ್ರೆಗಳು ಒಪ್ಪುತ್ತವೆ. ಸಿಗದಿದ್ದರೆ? ಜೀವ ಉಳಿಸುವ ಅನಿವಾರ್ಯತೆಯಲ್ಲಿ ಷರೀಅತ್ ಕೊಡುವ ರಿಯಾಯಿತಿ ನಿಮ್ಮ ಮಸೀದಿಯ ಖತೀಬರಿಗೆ ಗೊತ್ತಿದೆ, ಕೇಳಿ ತಿಳಿದುಕೊಳ್ಳಿ. ಸ್ತ್ರೀ ಸರ್ಜನ್‌ಗಾಗಿ ವರ್ಷ ಕಾಯುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಕತ್ತಿಯೇ ನಮ್ಮ ಪರಂಪರೆಯಲ್ಲ ಎನ್ನುವವರಿಗೆ ಒಂದು ಮಾತು. ಪ್ರವಾದಿ(ಸ)ಯವರು ಉಬಯ್ಯ್ ಬಿನ್ ಕಅಬ್(ರ) ಅವರ ಬಳಿಗೆ ವೈದ್ಯನನ್ನು ಕಳಿಸಿದರು, ಆತ ಒಂದು ನಾಳವನ್ನು ಕತ್ತರಿಸಿ ಕಾಯಿಸಿ ಮುಚ್ಚಿದ ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಸ್ಪೇನಿನ ಅಬುಲ್ ಕಾಸಿಮ್ ಅಲ್-ಝಹ್ರಾವಿ ಸಾವಿರ ವರ್ಷದ ಹಿಂದೆ ಬರೆದ ಅತ್ತಸ್ರೀಫ್‌ನ ಮೂವತ್ತು ಭಾಗಗಳಲ್ಲಿ ಕೊನೆಯದು ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು, ಉಪಕರಣಗಳ ಚಿತ್ರಗಳ ಸಮೇತ. ಆತನ ಹೆಸರು ಹೇಳಿ ಹೆಮ್ಮೆಪಡುವ ನಾವು ಆತನ ಕತ್ತಿಗೆ ಹೆದರುವುದು ಯಾವ ನ್ಯಾಯ?

ಆದರೆ ಕತ್ತಿಗೆ ಓಡುವುದೂ ತಪ್ಪೇ. ಗಲ್ಫಿನಲ್ಲಿರುವ ಮಗ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಅಡ್ರಿನಲ್‌ನಲ್ಲಿ ಎರಡು ಸೆಂಟಿಮೀಟರ್ ಗಂಟು ಕಂಡಿತು ಎಂದು ಫೋನಿನಲ್ಲಿ ಅಳುವುದು, ಇಲ್ಲಿ ತಾಯಿ ಊಟ ಬಿಡುವುದು ಬೇಡ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ ದೊಡ್ಡವರಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಗೆ ಹೀಗೆ ಕಾಣುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ನಿರುಪದ್ರವಿ. ಹಾರ್ಮೋನ್ ಸುರಿಸುತ್ತಿಲ್ಲ, ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದು, ಸ್ಕ್ಯಾನಿನಲ್ಲಿ ಕೊಬ್ಬು ತುಂಬಿದ ಸಾಧು ಗಂಟಿನಂತೆ ಕಾಣುತ್ತಿದೆ ಎಂದಾದರೆ ಅದನ್ನು ಮುಟ್ಟುವುದೇ ಬೇಡ. ಹಾರ್ಮೋನ್ ಪರೀಕ್ಷೆ ಮಾಡಿಸದೆ "ನಾಳೆಯೇ ಸೇರಿ, ತೆಗೆದುಬಿಡೋಣ" ಎನ್ನುವ ಆಸ್ಪತ್ರೆಯಿಂದ ಎದ್ದು ಬನ್ನಿ. ಇನ್ನೊಂದು ತುದಿಯಲ್ಲಿ, ಆರು ಸೆಂಟಿಮೀಟರ್ ದಾಟಿ ಸುತ್ತಲ ಭಾಗಕ್ಕೆ ಹಬ್ಬಿದಂತಿರುವ, ಕ್ಯಾನ್ಸರಿನ ಶಂಕೆಯಿರುವ ಗಡ್ಡೆಗೆ ರಂಧ್ರದ ದಾರಿ ಸರಿಯಲ್ಲ. ಒಳಗೆ ಒಡೆದರೆ ಕ್ಯಾನ್ಸರ್ ಚೆಲ್ಲಿಹೋಗುತ್ತದೆ. ಅಲ್ಲಿ ಸರ್ಜನ್ ದೊಡ್ಡ ಕೊಯ್ತವೇ ಬೇಕು ಎಂದರೆ ಒಪ್ಪಿಕೊಳ್ಳಿ.

ಅಡ್ರಿನಲಿನ್ ಗಡ್ಡೆಯಲ್ಲಂತೂ ಅವಸರವೇ ಶತ್ರು. ಆಪರೇಷನ್‌ಗೆ ಮೊದಲು ಕನಿಷ್ಠ ಒಂದೆರಡು ವಾರ ಆಲ್ಫಾ ಬ್ಲಾಕರ್ ಎಂಬ ಮಾತ್ರೆ ಕೊಟ್ಟು ರಕ್ತನಾಳಗಳನ್ನು ಸಡಿಲಗೊಳಿಸುತ್ತಾರೆ. ಉಪ್ಪು, ನೀರು ಹೆಚ್ಚು ತೆಗೆದುಕೊಳ್ಳಲು ಹೇಳುತ್ತಾರೆ. ಬಿ.ಪಿ. ಇರುವವರಿಗೆ ಉಪ್ಪು ತಿನ್ನಿ ಎನ್ನುತ್ತಾರಲ್ಲಾ ಎಂದು ಗಾಬರಿಯಾಗಬೇಡಿ, ಅದಕ್ಕೆ ಅರ್ಥವಿದೆ. ಎದೆ ಹೊಡೆತಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಯನ್ನು ಆಲ್ಫಾ ಮಾತ್ರೆಗಿಂತ ಮೊದಲು ಶುರು ಮಾಡಿದರೆ ಬಿ.ಪಿ. ಇನ್ನೂ ಏರುತ್ತದೆ. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ಎರವಲು ಪಡೆಯಬೇಡಿ. ಆಪರೇಷನ್ ಟೇಬಲ್ ಮೇಲೆ ಗಡ್ಡೆಯನ್ನು ಮುಟ್ಟಿದಾಗ ಬಿ.ಪಿ. ನೆಗೆಯುತ್ತದೆ, ನಾಳ ಕತ್ತರಿಸಿದೊಡನೆ ಕುಸಿಯುತ್ತದೆ. ಅದನ್ನು ಕ್ಷಣಕ್ಷಣಕ್ಕೂ ಹಿಡಿದಿಡುವವರು ಅರಿವಳಿಕೆ ತಜ್ಞರು. ಎಲ್ಲರೂ ಸರ್ಜನ್ ಹೆಸರು ಕೇಳುತ್ತಾರೆ. ನೀವು ಅರಿವಳಿಕೆ ಕೊಡುವವರಿಗೆ ಇಂಥ ಗಡ್ಡೆಯ ಅನುಭವವಿದೆಯೇ ಎಂದೂ ಕೇಳಿ.

ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆ "ನಿಮ್ಮಲ್ಲಿ ರೋಬೋಟ್ ಇದೆಯಾ?" ಎಂಬುದಲ್ಲ. ಅದರಿಂದ ಬಿಲ್ ಬೆಳೆಯುವಷ್ಟು ಲಾಭ ಸಾಮಾನ್ಯ ಗಡ್ಡೆಯಲ್ಲಿ ಕಾಣುವುದಿಲ್ಲ. "ವರ್ಷಕ್ಕೆ ಎಷ್ಟು ಅಡ್ರಿನಲ್ ಆಪರೇಷನ್ ಮಾಡುತ್ತೀರಿ?" ಎಂದು ಕೇಳಿ. ವರ್ಷಕ್ಕೆ ಆರು ಅಥವಾ ಹೆಚ್ಚು ಮಾಡುವವರ ಕೈಯಲ್ಲಿ ತೊಂದರೆ ಕಡಿಮೆ ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ಪಿತ್ತಕೋಶವನ್ನು ಚೆನ್ನಾಗಿ ತೆಗೆಯುವವರೆಲ್ಲ ಅಡ್ರಿನಲ್ ತೆಗೆಯಬಲ್ಲವರಲ್ಲ. ಇದಕ್ಕಾಗಿ ದೂರದ ದೊಡ್ಡ ಊರಿಗೆ ಹೋಗಬೇಕಾದರೂ ಹೋಗಿ.

ಹಣದ ಮಾತು. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಿ ದುಡ್ಡು ಕಟ್ಟುವ ಮೊದಲು ಸರಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, ಯಾವ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ ಎಂದು ಕೇಳಿ. ಜಮಾಅತ್ ಕಮಿಟಿಗಳಿಗೂ ನನ್ನ ವಿನಂತಿ ಇದೆ. ಡಯಾಲಿಸಿಸ್‌ಗೆ, ಪಾರ್ಶ್ವವಾಯು ಬಡಿದವರಿಗೆ ಝಕಾತಿನ ಹಣ ಕೊಡುತ್ತೀರಿ, ಕೊಡಬೇಕಾದ್ದೇ. ಆದರೆ ವರ್ಷಗಟ್ಟಲೆ ಹಿಡಿತಕ್ಕೆ ಸಿಗದ ಬಿ.ಪಿ.ಯೇ ಕಿಡ್ನಿಯನ್ನು ಕೆಡಿಸುವುದು. ಮೊದಲೇ ಒಂದು ರಕ್ತಪರೀಕ್ಷೆಗೆ ಕೈ ನೀಡಿದರೆ ಖರ್ಚೂ ಕಡಿಮೆ, ಒಂದು ಮನೆಯ ಯಜಮಾನ ದುಡಿಯುವಂತೆಯೂ ಉಳಿಯುತ್ತಾನೆ.

ಆಪರೇಷನ್ ಆದರೆ ಮಾತ್ರೆ ಪೂರ್ತಿ ನಿಲ್ಲುತ್ತದೆಯೇ? ಎಲ್ಲರಿಗೂ ಇಲ್ಲ, ಸುಳ್ಳು ಭರವಸೆ ಕೊಡಲಾರೆ. ಆಲ್ಡೋಸ್ಟಿರೋನ್ ಗಡ್ಡೆಯಲ್ಲಿ ಹಾರ್ಮೋನ್ ಸರಿಹೋಗುವುದು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ. ಮಾತ್ರೆಯೇ ಬೇಡವಾಗುವಷ್ಟು ಬಿ.ಪಿ. ಇಳಿಯುವುದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಹೆಚ್ಚಿನವರಿಗೆ ಮಾತ್ರೆಗಳು ಕಡಿಮೆಯಾಗುತ್ತವೆ. ಆ ಒಬ್ಬರು ಯಾರು? ಹೆಚ್ಚಾಗಿ ಎಳೆಯ ಪ್ರಾಯದವರು, ಬಿ.ಪಿ. ಶುರುವಾಗಿ ಹೆಚ್ಚು ವರ್ಷವಾಗದವರು. ತಡ ಮಾಡಿದಷ್ಟೂ ರಕ್ತನಾಳಗಳು ಗಡುಸಾಗುತ್ತವೆ. ಆಮೇಲೆ ಗಡ್ಡೆ ತೆಗೆದರೂ ಬಿ.ಪಿ. ಉಳಿದುಬಿಡುತ್ತದೆ. "ಇನ್ನೂ ಎರಡು ವರ್ಷ ಹಕೀಮರ ಔಷಧಿ ನೋಡೋಣ" ಎನ್ನುವವರು ಕಳೆದುಕೊಳ್ಳುವುದು ಇದನ್ನೇ.

ಅಡ್ರಿನಲಿನ್ ಗಡ್ಡೆ ತೆಗೆಸಿಕೊಂಡವರು ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗುತ್ತಲೇ ಇರಬೇಕು, ಅದು ಮರಳಿ ಬರಬಹುದು. ಈ ಗಡ್ಡೆ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಅದು ವಂಶದಿಂದ ಬಂದಿರುತ್ತದೆ. ಆದ್ದರಿಂದ ಡಾಕ್ಟರು ಜೀನ್ ಪರೀಕ್ಷೆ, ಅಣ್ಣ ತಂಗಿಯರ ಪರೀಕ್ಷೆ ಎಂದರೆ ಹುಡುಗಿಯರ ನಿಕಾಹ್‌ಗೆ ತೊಡಕಾಗುತ್ತದೆಂದು ಮುಚ್ಚಿಡಬೇಡಿ. ಮುಚ್ಚಿಟ್ಟ ಗಡ್ಡೆ ಮದುವೆಯಾದ ಮೇಲೆ, ಹೆರಿಗೆ ಕೋಣೆಯಲ್ಲಿ ಬಯಲಾಗುವುದು ಇನ್ನೂ ಕೆಟ್ಟದ್ದು.

ಕಾರ್ಟಿಸಾಲ್ ಗಡ್ಡೆ ತೆಗೆಸಿಕೊಂಡವರಿಗೆ ಬೇರೆ ಎಚ್ಚರಿಕೆ. ಉಳಿದ ಗ್ರಂಥಿ ಇಷ್ಟು ದಿನ ನಿದ್ದೆ ಮಾಡಿರುತ್ತದೆ. ಅದು ಎಚ್ಚರಗೊಳ್ಳಲು ಹಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಹೈಡ್ರೊಕಾರ್ಟಿಸೋನ್ ಮಾತ್ರೆ ದಿನಕ್ಕೆ ಎರಡು ಮೂರು ಬಾರಿ ತೆಗೆದುಕೊಳ್ಳಬೇಕು. ಯಾರೋ "ಸ್ಟೀರಾಯ್ಡ್ ಕೆಟ್ಟದ್ದು, ಬಿಡು" ಎಂದರೆಂದು ಬಿಡಬಾರದು. ನಾನೂ ಯುನಾನಿ ವೈದ್ಯನೇ, ನಾನೇ ಹೇಳುತ್ತಿದ್ದೇನೆ, ಬಿಡಬೇಡಿ. ಜ್ವರ ಬಂದರೆ ಪ್ರಮಾಣ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕೂಡಲೇ ಇಂಜೆಕ್ಷನ್‌ಗೆ ಆಸ್ಪತ್ರೆಗೆ ಹೋಗಬೇಕು. ಎಷ್ಟು ಹೆಚ್ಚಿಸಬೇಕೆಂದು ನಿಮ್ಮ ಹಾರ್ಮೋನ್ ತಜ್ಞರಿಂದ ಬರೆಸಿಕೊಂಡಿರಿ. ರಮಝಾನ್ ಬಂದಾಗ ಇವರು ತಾವೇ ತೀರ್ಮಾನಿಸಿ ಉಪವಾಸ ಹಿಡಿಯಬಾರದು. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಇಂಥವರಿಗಾಗಿಯೇ ಇರುವುದು, ಗ್ರಂಥಿ ಎಚ್ಚರಗೊಂಡ ಮೇಲೆ ಖಝಾ ತೀರಿಸಬಹುದು. ಉಮ್ರಾಗೆ ಹೋಗುವವರು ಮಾತ್ರೆಯನ್ನು ವಿಮಾನದ ದೊಡ್ಡ ಲಗೇಜಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಜೊತೆಗೆ "ಈ ರೋಗಿ ಸ್ಟೀರಾಯ್ಡ್ ಮೇಲೆ ಇದ್ದಾರೆ, ನಿಲ್ಲಿಸಬಾರದು" ಎಂದು ಇಂಗ್ಲಿಷಿನಲ್ಲೂ ಅರಬಿಯಲ್ಲೂ ಬರೆಸಿದ ಒಂದು ಚೀಟಿ ಕೊರಳ ಕಾರ್ಡಿನ ಹಿಂದೆ ಇರಲಿ.